ಫ್ಲೂ ಲಸಿಕೆಯ ಪರೀಕ್ಷೆ: ಹೊಸ ಪದವೀಧರರಿಗೊಂದು ಫೆಲೋಶಿಪ್

ಕೇಳುಗರಿಗೆ ನಮಸ್ಕಾರ.

ವಿಜ್ಞಾನದ ಪದವಿ ಮುಗಿಸಿ ಹೆಚ್ಚು ಕಾಲವಾಗದವರಿಗೆ ಫ್ಲೂ ಲಸಿಕೆಯನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಸಂಶೋಧನಾ ಫೆಲೋಶಿಪ್ ಸಿಗುವುದುಂಟು. ಸಾಮಾನ್ಯವಾಗಿ ಒಂದು ವರ್ಷದ ಅವಧಿ. ಕೆಲಸ ಮೆಚ್ಚುಗೆಯಾದರೆ ಮುಂದುವರಿಕೆ. ಕೈಗೆ ಬರುವುದು ಸಂಬಳವಲ್ಲ, ಶಿಷ್ಯವೇತನ. ಪ್ರಕಟಣೆಯಲ್ಲಿ ‘ಲಸಿಕೆ ಪರೀಕ್ಷೆಯಲ್ಲಿ ತರಬೇತಿ’ ಎಂದು ಒಂದೇ ಸಾಲು ಇರುತ್ತದೆ. ಆ ಸಾಲಿನ ಒಳಗೆ ಏನಿದೆ ಎಂಬುದನ್ನು ಇವತ್ತು ಬಿಡಿಸಿ ನೋಡೋಣ.

ಪರೀಕ್ಷೆ ಉತ್ತರಿಸಬೇಕಾದ ಪ್ರಶ್ನೆ ಎರಡು. ಸೀಸೆಯಲ್ಲಿ ಹೇಳಿದಷ್ಟು ಲಸಿಕಾಂಶ ಇದೆಯೇ? ಅದನ್ನು ಹಾಕಿಸಿಕೊಂಡವರ ರಕ್ತದಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯ ಹುಟ್ಟಿತೇ? ಹೊಸಬರು ಹೆಚ್ಚಾಗಿ ಎರಡನೆಯದರಿಂದ ಕಲಿಕೆ ಶುರುಮಾಡುತ್ತಾರೆ. ಆ ಪರೀಕ್ಷೆಯ ಹೆಸರು ಹಿಮಾಗ್ಲುಟಿನೇಷನ್ ಇನ್‌ಹಿಬಿಷನ್. ಪ್ರಯೋಗಾಲಯದ ಬಾಯಲ್ಲಿ ಬರೀ ಎಚ್.ಐ.

ಫ್ಲೂ ವೈರಸ್ಸಿನ ಮೈಮೇಲೆ ಹಿಮಾಗ್ಲುಟಿನಿನ್ ಎಂಬ ಪ್ರೋಟೀನು ಮುಳ್ಳಿನಂತೆ ಎದ್ದು ನಿಂತಿರುತ್ತದೆ. ಅದು ಕೆಂಪು ರಕ್ತಕಣಗಳನ್ನು ಹಿಡಿದು ಒಂದಕ್ಕೊಂದು ಹೆಣೆಯುತ್ತದೆ. ಜಾರ್ಜ್ ಹರ್ಸ್ಟ್ ಇದನ್ನು 1941ರಲ್ಲಿ ವರದಿ ಮಾಡಿದರು. ಸೀರಮ್ಮಿನಲ್ಲಿ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವದಲ್ಲಿ, ತಕ್ಕ ಪ್ರತಿಕಾಯವಿದ್ದರೆ ಅದು ಮುಳ್ಳನ್ನು ಮುಚ್ಚಿಬಿಡುತ್ತದೆ. ಕಣಗಳು ಹೆಣೆದುಕೊಳ್ಳದೆ ತಳದಲ್ಲಿ ಕೂರುತ್ತವೆ. ತತ್ತ್ವ ಇಷ್ಟು ಸರಳ. ಕಷ್ಟವೆಲ್ಲ ಕೈಕೆಲಸದಲ್ಲಿದೆ.

ಮೊದಲು ಸೀರಮ್ಮನ್ನು ಶುದ್ಧಮಾಡಬೇಕು. ಪ್ರತಿಕಾಯವಲ್ಲದಿದ್ದರೂ ವೈರಸ್ಸನ್ನು ತಡೆಯುವ ವಸ್ತುಗಳು ಅದರಲ್ಲಿ ಸಹಜವಾಗಿಯೇ ಇರುತ್ತವೆ. ಅವನ್ನು ಹಾಗೇ ಬಿಟ್ಟರೆ ಇಲ್ಲದ ಪ್ರತಿಕಾಯ ಇದ್ದಂತೆ ಕಾಣುತ್ತದೆ. ಅದಕ್ಕಾಗಿ 1 ಪಾಲು ಸೀರಮ್ಮಿಗೆ 3 ಪಾಲು ಆರ್.ಡಿ.ಇ. ಎಂಬ ಕಿಣ್ವ ಸೇರಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡುತ್ತಾರೆ. ಮರುದಿನ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದರೆ ಕಿಣ್ವದ ಶಕ್ತಿ ಅಡಗುತ್ತದೆ. ಆಮೇಲೆ 6 ಪಾಲು ಸಲೈನ್ ಸೇರಿಸಿದರೆ ಸೀರಮ್ಮು ಹತ್ತರಲ್ಲಿ ಒಂದಕ್ಕೆ ತೆಳುವಾಗುತ್ತದೆ. ಎಚ್.ಐ. ಲೆಕ್ಕ 10ರಿಂದ ಶುರುವಾಗುವುದು ಈ ಕಾರಣಕ್ಕೆ.

ಪರೀಕ್ಷೆ ನಡೆಯುವುದು ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ: 8 ಸಾಲು, ಸಾಲಿಗೆ 12 ಗುಳಿ, ಒಟ್ಟು 96. ಗುಳಿಯಿಂದ ಗುಳಿಗೆ 25 ಮೈಕ್ರೋಲೀಟರಿನಂತೆ ದಾಟಿಸುತ್ತ ಹೋದರೆ ಸೀರಮ್ಮು ಪ್ರತಿ ಸಲ ಅರ್ಧಕ್ಕೆ ಇಳಿಯುತ್ತದೆ: 10, 20, 40, 80, ಹೀಗೆ. ಹೊಸಬರು ಎಡವುವ ಜಾಗ ಇದೇ. ಪಿಪೆಟ್ಟಿನ ತುದಿ ಸರಿಯಾಗಿ ಕೂರದೆ 25ರ ಬದಲು 22.5 ದಾಟಿತೆನ್ನಿ. ಒಂದು ಹೆಜ್ಜೆಗೆ ಅದು ಏನೂ ಅನಿಸದು. ಎಂಟು ಹೆಜ್ಜೆ ಮುಗಿಯುವಷ್ಟರಲ್ಲಿ ಇರಬೇಕಾದುದರ ಶೇಕಡಾ 65ರಷ್ಟು ಪ್ರತಿಕಾಯ ಮಾತ್ರ ಉಳಿದಿರುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ಬಣ್ಣದ ನೀರಿನಲ್ಲಿ ಕೈ ಪಳಗಿಸಿಕೊಳ್ಳುವುದನ್ನು ಯಾರೂ ಚಿಕ್ಕ ಕೆಲಸವೆಂದು ಭಾವಿಸಬಾರದು.

ಇನ್ನು ವೈರಸ್ಸು. ಪ್ರತಿ ಗುಳಿಗೆ 25 ಮೈಕ್ರೋಲೀಟರಿನಲ್ಲಿ 4 ಹಿಮಾಗ್ಲುಟಿನೇಷನ್ ಘಟಕ ಬೀಳಬೇಕು. ವೈರಸ್ಸು ಕಣಗಳನ್ನು ಹೆಣೆಯುವ ಶಕ್ತಿಯ ಅಳತೆ ಇದು. ಅದು 2ಕ್ಕೆ ಇಳಿದರೆ ಎಲ್ಲ ಸೀರಮ್ಮುಗಳೂ ಒಂದು ಗುಳಿ ಹೆಚ್ಚು ಬಲವುಳ್ಳವಂತೆ ಕಾಣುತ್ತವೆ. 8ಕ್ಕೆ ಏರಿದರೆ ಒಂದು ಗುಳಿ ಕಡಿಮೆ. ಆದ್ದರಿಂದ ಪರೀಕ್ಷೆಯ ದಿನವೇ ಆ ವೈರಸ್ಸನ್ನು ಮತ್ತೆ ಅಳೆಯಬೇಕು. ಮೊದಲ ಗುಳಿಗೆ 50 ಮೈಕ್ರೋಲೀಟರ್ ಹಾಕಿ ಅರ್ಧರ್ಧ ಇಳಿಸಿದರೆ ಸರಿಯಾಗಿ ನಾಲ್ಕು ಗುಳಿಗಳಲ್ಲಿ ಕಣಗಳು ಹೆಣೆದುಕೊಳ್ಳಬೇಕು. ಐದಾದರೂ ಮೂರಾದರೂ ವೈರಸ್ಸಿನ ಪ್ರಮಾಣ ಸರಿಪಡಿಸಿ ಇನ್ನೊಮ್ಮೆ ಅಳೆಯಬೇಕು. ಸಂಜೆಯಾಯಿತೆಂದು ಈ ಹೆಜ್ಜೆ ಬಿಟ್ಟರೆ ಇಡೀ ದಿನದ ಪ್ಲೇಟುಗಳು ನಿರುಪಯೋಗಿ.

ಸೀರಮ್ಮು ಮತ್ತು ವೈರಸ್ಸು 15ರಿಂದ 30 ನಿಮಿಷ ಜೊತೆಯಲ್ಲಿದ್ದ ಮೇಲೆ ಶೇಕಡಾ 0.5ರ ಟರ್ಕಿ ಕೋಳಿಯ ರಕ್ತಕಣಗಳನ್ನು 50 ಮೈಕ್ರೋಲೀಟರಿನಂತೆ ಹಾಕಿ ಅರ್ಧ ಗಂಟೆ ಅಲುಗಿಸದೆ ಬಿಡಬೇಕು. ಆಮೇಲೆ ಪ್ಲೇಟನ್ನು ಓರೆಯಾಗಿ ಹಿಡಿಯಿರಿ. ಪ್ರತಿಕಾಯ ಇರುವ ಗುಳಿಯಲ್ಲಿ ಕೆಂಪು ಗುಂಡಿ ಕಣ್ಣೀರ ಹನಿಯಂತೆ ಕೆಳಕ್ಕೆ ಜಾರುತ್ತದೆ. ಇಲ್ಲದ ಗುಳಿಯಲ್ಲಿ ಕಣಗಳು ಹರಡಿಕೊಂಡು ಅಲ್ಲೇ ನಿಲ್ಲುತ್ತವೆ. ಪೂರ್ತಿ ಜಾರಿದ ಕೊನೆಯ ಗುಳಿಯಲ್ಲಿ ಸೀರಮ್ಮು ಎಷ್ಟು ಪಟ್ಟು ತೆಳುವಾಗಿತ್ತೋ (10, 20, 40, ಹೀಗೆ) ಆ ಸಂಖ್ಯೆಯೇ ಟೈಟರ್. ‘ಸ್ವಲ್ಪ ಜಾರಿತು’ ಎಂಬುದನ್ನು ಜಾರಿದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ವೈರಸ್ಸು ಹಾಕದ, ಬರೀ ಸೀರಮ್ಮಿನ ಗುಳಿಯಲ್ಲೂ ಕಣಗಳು ಹೆಣೆದುಕೊಂಡಿದ್ದರೆ ಆ ಸೀರಮ್ಮೇ ಕಣಗಳನ್ನು ಹಿಡಿಯುತ್ತಿದೆ ಎಂದರ್ಥ. ಅದನ್ನು ಗಟ್ಟಿ ರಕ್ತಕಣಗಳ ಜೊತೆ ಬೆರೆಸಿಟ್ಟು ಹೀರಿಸಿ, ಪರೀಕ್ಷೆಯನ್ನು ಮತ್ತೆ ಮಾಡಬೇಕು. ಕಣಗಳ ಮೇಲಿನ ದ್ರವ ಕೆಂಪಾಗಿದ್ದರೆ ಕಣಗಳು ಒಡೆದಿವೆ. ಅವನ್ನು ಚೆಲ್ಲಿ ಹೊಸದು ತನ್ನಿ.

ಎಚ್3ಎನ್2 ಎಂಬ ಬಗೆಯ ಫ್ಲೂ ವೈರಸ್ಸು ಬೇರೆಯೇ ಪಾಠ ಕಲಿಸುತ್ತದೆ. ಈಚಿನ ಹಲವು ತಳಿಗಳು ಟರ್ಕಿ ಕೋಳಿಯ ಕಣಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಗಿನಿಪಿಗ್‌ನ ಕಣ ಬೇಕಾಗುತ್ತದೆ, ಕಾಯುವ ಸಮಯವೂ ಒಂದು ಗಂಟೆಯಾಗುತ್ತದೆ. ಕೆಲವು ತಳಿಗಳಲ್ಲಿ ನ್ಯೂರಮಿನಿಡೇಸ್ ಎಂಬ ಇನ್ನೊಂದು ಪ್ರೋಟೀನೂ ಕಣಗಳನ್ನು ಹಿಡಿಯುತ್ತದೆ. ಹಿಮಾಗ್ಲುಟಿನಿನ್ನನ್ನು ಮುಚ್ಚುವ ಪ್ರತಿಕಾಯ ಎಷ್ಟಿದ್ದರೂ ಈ ಹಿಡಿತ ಬಿಡದು, ಟೈಟರ್ ಸುಳ್ಳಾಗಿ ಕೆಳಗಿಳಿಯುತ್ತದೆ. ಅದನ್ನು ತಡೆಯಲು ನ್ಯೂರಮಿನಿಡೇಸನ್ನು ಕಟ್ಟಿಹಾಕುವ ಒಸೆಲ್ಟಾಮಿವಿರ್ ಎಂಬ ಔಷಧವನ್ನು 20 ನ್ಯಾನೋಮೋಲಾರ್ ಪ್ರಮಾಣದಲ್ಲಿ ಸೇರಿಸುತ್ತಾರೆ. ಅದೂ ಸಾಲದಿದ್ದಾಗ ಎಂ.ಡಿ.ಸಿ.ಕೆ. ಎಂಬ ನಾಯಿ ಮೂತ್ರಪಿಂಡದ ಜೀವಕೋಶಗಳಲ್ಲಿ, ಸೀರಮ್ಮು ಸೋಂಕನ್ನೇ ತಡೆಯಿತೇ ಎಂದು ನೋಡುವ ಮೈಕ್ರೋನ್ಯೂಟ್ರಲೈಸೇಷನ್ ಪರೀಕ್ಷೆಗೆ ಹೋಗುತ್ತಾರೆ.

ಫಲಿತಾಂಶ ಓದುವುದಕ್ಕೂ ಶಿಸ್ತು ಬೇಕು. ಒಬ್ಬರ ಲಸಿಕೆಗೆ ಮುಂಚಿನ ಸೀರಮ್ಮು, ನಂತರದ ಸೀರಮ್ಮು ಎರಡೂ ಒಂದೇ ದಿನ, ಒಂದೇ ಪ್ಲೇಟಿನಲ್ಲಿ ನಡೆಯಬೇಕು. ಒಂದು ಗುಳಿಯ ವ್ಯತ್ಯಾಸ ಈ ಪರೀಕ್ಷೆಯ ಸಹಜ ತೂಗಾಟ. ನಾಲ್ಕು ಪಟ್ಟು, ಅಂದರೆ ಎರಡು ಗುಳಿ ಏರಿದರೆ ಮಾತ್ರ ಏರಿಕೆ ಎನ್ನುತ್ತಾರೆ. ವಯಸ್ಕರಲ್ಲಿ 40ರ ಟೈಟರನ್ನು ಸೋಂಕಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುವ ಮಟ್ಟವೆಂದು ಪರಿಗಣಿಸುತ್ತಾರೆ. ಪ್ರತಿಯೊಬ್ಬರಿಗೂ ರಕ್ಷಣೆಯ ಖಾತರಿಯೆಂದು ಅದನ್ನು ಓದಬಾರದು. ಸರಾಸರಿ ತೆಗೆಯುವಾಗ ಗುಣೋತ್ತರ ಸರಾಸರಿಯನ್ನೇ ತೆಗೆಯಿರಿ. 10, 40, 160 ಇವುಗಳ ಸಾಮಾನ್ಯ ಸರಾಸರಿ 70. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ ಬರುವ ಗುಣೋತ್ತರ ಸರಾಸರಿ 40. ಒಂದೇ ದೊಡ್ಡ ಸಂಖ್ಯೆ ಇಡೀ ಗುಂಪಿನ ಚಿತ್ರವನ್ನು ಕೆಡಿಸದಂತೆ ಇದು ಕಾಯುತ್ತದೆ.

ಸೀಸೆಯೊಳಗಿನ ಪ್ರಮಾಣದ ವಿಷಯ ಚುಟುಕಾಗಿ. ಸಾಮಾನ್ಯ ಚುಚ್ಚುಮದ್ದಿನ ಒಂದು ಡೋಸಿನಲ್ಲಿ ತಳಿಗೆ 15 ಮೈಕ್ರೋಗ್ರಾಂ ಹಿಮಾಗ್ಲುಟಿನಿನ್ ಇರಬೇಕು. ಪ್ರತಿಸೀರಮ್ಮು, ಅಂದರೆ ಆ ತಳಿಯ ಹಿಮಾಗ್ಲುಟಿನಿನ್ನಿಗೆ ಪ್ರತಿಕಾಯವಿರುವ ಸೀರಮ್ಮು, ಬೆರೆಸಿದ ಅಗರೋಸ್ ಜೆಲ್ಲಿನ ಗುಳಿಗಳಿಗೆ ಲಸಿಕೆ ಹಾಕಿ, ಅದು ಹರಡಿ ಮೂಡಿಸುವ ಉಂಗುರದ ವ್ಯಾಸವನ್ನು ಪ್ರಮಾಣ ಮೊದಲೇ ಗೊತ್ತಿರುವ ಹೋಲಿಕೆ ಮಾದರಿಯ ಉಂಗುರದೊಂದಿಗೆ ಹೋಲಿಸುತ್ತಾರೆ. ಮೇಜು ಮಟ್ಟವಾಗಿಲ್ಲದಿದ್ದರೆ ಜೆಲ್ ಒಂದು ಕಡೆ ದಪ್ಪವಾಗಿ ಉಂಗುರದ ಅಳತೆ ತಪ್ಪುತ್ತದೆ. ಈ ಹೋಲಿಕೆ ಮಾದರಿಯೂ ಪ್ರತಿಸೀರಮ್ಮೂ ತಳಿಗೆ ತಕ್ಕಂತೆ ಹೊಸದಾಗಿ ತಯಾರಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಉತ್ತರಾರ್ಧಗೋಳಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಾರ್ಧಗೋಳಕ್ಕೆ ಸೆಪ್ಟೆಂಬರಿನಲ್ಲಿ ತಳಿಗಳನ್ನು ಶಿಫಾರಸು ಮಾಡುತ್ತದೆ. ಅದರ ಹಿಂದೆಯೇ ಈ ಪ್ರಯೋಗಾಲಯಗಳಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ತಿಂಗಳುಗಳು.

ಅರ್ಜಿಯಲ್ಲಿ ‘ಸಂಶೋಧನೆಯಲ್ಲಿ ಆಸಕ್ತಿಯಿದೆ’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯದು. ಪ್ಲೇಟಿನಲ್ಲೇ ಪ್ರತಿಕಾಯ ಅಳೆಯುವ ಎಲೈಸಾ ಪರೀಕ್ಷೆ ಮಾಡಿದ್ದರೆ ಎಷ್ಟು ಪ್ಲೇಟು, ಫಲಿತಾಂಶ ಮೊದಲೇ ಗೊತ್ತಿರುವ ಕಂಟ್ರೋಲ್ ಕೈಕೊಟ್ಟಾಗ ಕಾರಣ ಹೇಗೆ ಹುಡುಕಿದಿರಿ, ಇದನ್ನು ಬರೆಯಿರಿ. ಶಿಫಾರಸು ಪತ್ರವನ್ನು ನಿಮ್ಮ ಕೈಕೆಲಸ ಕಣ್ಣಾರೆ ಕಂಡ ಅಧ್ಯಾಪಕರಿಂದಲೇ ಪಡೆಯಿರಿ. ಸಂದರ್ಶನದಲ್ಲಿ ನೀವೂ ಕೇಳಿ: ನಾನು ಮುಖ್ಯವಾಗಿ ಕಲಿಯುವುದು ಯಾವ ಪರೀಕ್ಷೆ? ಸ್ವಂತ ಪ್ಲೇಟು ನಡೆಸುವ ಮುನ್ನ ಎಷ್ಟು ವಾರ ತರಬೇತಿ? ದಿನವೂ ಪಕ್ಕದಲ್ಲಿ ನಿಂತು ಕಲಿಸುವವರು ಯಾರು? ಜೈವಿಕ ಸುರಕ್ಷತೆಯ ಎರಡನೇ ಹಂತದ ತರಬೇತಿ ಯಾವಾಗ? ಸೇರುವ ತಿಂಗಳನ್ನೂ ವಿಚಾರಿಸಿ. ತಳಿಗಳ ಘೋಷಣೆಗೆ ಎರಡು ತಿಂಗಳು ಮೊದಲೇ ಸೇರಿದವರಿಗೆ ಕೈ ಪಳಗಿಸಿಕೊಳ್ಳಲು ಸಮಯ ಸಿಗುತ್ತದೆ. ಘೋಷಣೆಯ ಮರುವಾರ ಸೇರಿದವರಿಗೆ ಕಲಿಸಲು ಯಾರ ಕೈಯೂ ಖಾಲಿಯಿರುವುದಿಲ್ಲ.

ನಮಸ್ಕಾರ.