ನಲ್ಲಿಗಿಂತ ಮೊದಲೇ ಬಂದ ಬೆಲೆ

ನಮಸ್ಕಾರ. ಬೆಂಗಳೂರಿನ ಹೊರವಲಯದಲ್ಲಿ ಮನೆ ಕೊಳ್ಳುವವರು ಕೊಡುವ ಹಣದಲ್ಲಿ ಇಟ್ಟಿಗೆ, ಸಿಮೆಂಟು, ಕಬ್ಬಿಣಗಳ ಪಾಲು ಎಷ್ಟು, ಮನೆಯ ಮುಂದಿನ ರಸ್ತೆ, ಅದರ ಅಡಿಯ ನೀರಿನ ಕೊಳವೆ ಮತ್ತು ಒಳಚರಂಡಿಗಳ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಎರಡನೆಯ ಪಾಲನ್ನು ಸೃಷ್ಟಿಸುವುದು ಸಾರ್ವಜನಿಕರ ಹಣ. ಆದರೆ ನಮ್ಮಲ್ಲಿ ಆ ಹಣ ಖರ್ಚಾಗುವ ಎಷ್ಟೋ ವರ್ಷ ಮೊದಲೇ, ಖರ್ಚಾಗಲಿದೆ ಎಂಬ ಮಾತಿನ ಮೇಲೆಯೇ ಬೆಲೆ ಏರಿಬಿಡುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಹಳೆಯ ಪಾಲಿಕೆಯೊಂದಿಗೆ 7 ನಗರಸಭೆಗಳು, 1 ಪುರಸಭೆ ಮತ್ತು ಸುತ್ತಲಿನ 110 ಹಳ್ಳಿಗಳು ಸೇರಿಕೊಂಡವು. ರಾಗಿ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾದವು. ‘ಪಾಲಿಕೆ ವ್ಯಾಪ್ತಿಗೆ ಬಂದಾಯಿತು, ಇನ್ನೇನು ಕಾವೇರಿಯೂ ಬರುತ್ತದೆ’ ಎಂಬುದು ಪ್ರತಿಯೊಬ್ಬ ಬ್ರೋಕರ್‌ನ ಬಾಯಲ್ಲಿದ್ದ ಮಾತಾಯಿತು. ಈ ಹಳ್ಳಿಗಳನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದ, ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ ಕಟ್ಟಿದ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ 5ನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಕಳೆದದ್ದು 17 ವರ್ಷ. ಆ 17 ವರ್ಷವೂ ಅಲ್ಲಿನ ಜನ ಆಸ್ತಿ ತೆರಿಗೆ ಕಟ್ಟಿದ್ದಾರೆ.

ನಾನೂ ಅಂಥದೊಂದು ಬಡಾವಣೆಯವನು. 30-40ರ ನಿವೇಶನ, ಗೇಟಿನ ಒಳಗೆ ಸಂಪು. ಟ್ಯಾಂಕರ್‌ನ ದಪ್ಪ ಪೈಪು ವರ್ಷಗಟ್ಟಲೆ ಉಜ್ಜಿ ಉಜ್ಜಿ ಗೇಟಿನ ಕೆಳಗಿನ ಪಟ್ಟಿಯ ಬಣ್ಣ ಹೋಗಿ ಕಬ್ಬಿಣ ಕಾಣಿಸುತ್ತಿದೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್‌ಗಳು ಒಂದರ ಹಿಂದೊಂದು ಬತ್ತಿದವು. ಟ್ಯಾಂಕರ್ ದರ ಕೈಮೀರಿದಾಗ ಜಿಲ್ಲಾಡಳಿತವೇ ಮಧ್ಯೆ ಬಂದು, 5 ಕಿಲೋಮೀಟರ್ ಒಳಗಿನ 12,000 ಲೀಟರ್‌ಗೆ 1,000 ರೂಪಾಯಿ ಎಂದು ನಿಗದಿಪಡಿಸಬೇಕಾಯಿತು. ಅದೇ ದಿನಗಳಲ್ಲಿ ಎದುರುಮನೆಯವರು ಮನೆ ಮಾರಲು ಹೊರಟಿದ್ದರು. ನೋಡಲು ಬಂದ ದಂಪತಿ ಹಾಲನ್ನಾಗಲಿ ಅಡುಗೆಮನೆಯನ್ನಾಗಲಿ ನೋಡುವ ಮೊದಲು ಸಂಪಿನ ಮುಚ್ಚಳ ತೆಗೆಸಿ, ಮೊಬೈಲಿನ ಬೆಳಕು ಬಿಟ್ಟು ಒಳಗೆ ಇಣುಕಿದರು. ಆಮೇಲೆ ಆಕೆ ಕೇಳಿದ ಮೊದಲ ಮಾತು, ‘ತಿಂಗಳಿಗೆ ಎಷ್ಟು ಲೋಡು ಬೇಕಾಗುತ್ತೆ ಆಂಟಿ?’ ಎಂದು. ಆ ವ್ಯವಹಾರ ಕುದುರಲಿಲ್ಲ. ಕೊನೆಗೆ ಎದುರುಮನೆಯವರು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆಗೆ ಬೇರೆಯವರಿಗೆ ಕೊಟ್ಟರು. ಕೊಂಡಾಗ ‘ಕಾವೇರಿ ಬರುತ್ತದೆ’ ಎಂಬ ಮಾತಿಗೂ ಸೇರಿಸಿ ಹಣ ಕೊಟ್ಟಿದ್ದವರು, ಮಾರುವಾಗ ‘ಕಾವೇರಿ ಬಂದಿಲ್ಲ’ ಎಂಬುದಕ್ಕಾಗಿ ಹಣ ಬಿಟ್ಟುಕೊಟ್ಟರು. ಆ ನಡುವಿನ ಲಾಭ ಹೋದದ್ದು ಘೋಷಣೆಗೆ ಮುಂಚೆ ಹೊಲ ಕೊಂಡು, ಘೋಷಣೆಯ ಬೆನ್ನಿಗೇ ಮಾರಿ ಹೊರಟವರಿಗೆ.

ಸ್ಥಳೀಯ ಆಡಳಿತದ ಖರ್ಚು ಮನೆಯ ಬೆಲೆಯಲ್ಲಿ ಬೆರೆತುಹೋಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾರೆ. 1969ರಲ್ಲಿ ವಾಲೇಸ್ ಓಟ್ಸ್ ಎಂಬುವರು ಅಮೆರಿಕದ ನ್ಯೂಜೆರ್ಸಿಯ 53 ಪುರಸಭೆಗಳನ್ನು ಹೋಲಿಸಿ, ಆಸ್ತಿ ತೆರಿಗೆ ಹೆಚ್ಚಿದ್ದಲ್ಲಿ ಮನೆಗಳ ಬೆಲೆ ತಗ್ಗುವುದನ್ನೂ, ಶಾಲೆಗಳಿಗೆ ಹೆಚ್ಚು ಖರ್ಚು ಮಾಡಿದಲ್ಲಿ ಬೆಲೆ ಏರುವುದನ್ನೂ ಗುರುತಿಸಿದರು. ಅಲ್ಲಿ ಊರಿನ ಶಾಲೆ ಬಹುಮಟ್ಟಿಗೆ ಊರಿನ ತೆರಿಗೆಯಿಂದಲೇ ನಡೆಯುವುದರಿಂದ ಜನ ಎರಡನ್ನೂ ತೂಗಿ ನೋಡಿ ಮನೆ ಕೊಳ್ಳುತ್ತಾರೆ. ನಮ್ಮಲ್ಲಿ ಹಾಗೆ ತೂಗಿ ನೋಡುವ ತಕ್ಕಡಿಯೇ ಇಲ್ಲ. ಪಾಲಿಕೆಯ ಆಸ್ತಿ ತೆರಿಗೆ ಮಾರುಕಟ್ಟೆಯ ಬೆಲೆಯನ್ನು ಹಿಂಬಾಲಿಸುವುದಿಲ್ಲ. 2008ರಿಂದ ಅದು ವಲಯವಾರು ಚದರಡಿ ದರದ ಮೇಲೆ ನಿಂತಿದೆ. ಬೆಲೆ ಏರಿದಾಗ ಮೊದಲು ತುಂಬುವುದು ನೋಂದಣಿ ಕಚೇರಿಯ ಮುದ್ರಾಂಕ ಶುಲ್ಕದ ಖಾತೆ, ಅದರ ಬಹುಪಾಲು ಸೇರುವುದು ರಾಜ್ಯದ ಬೊಕ್ಕಸಕ್ಕೆ. ನೀರಿನ ಕೊಳವೆ ಹಾಕಬೇಕಾದ್ದು ಜಲಮಂಡಳಿ. ಹೀಗೆ ಖರ್ಚು ಮಾಡುವವರೊಬ್ಬರು, ಅದರ ಫಲ ಉಣ್ಣುವವರು ಇನ್ನೊಬ್ಬರು ಆಗಿರುವಾಗ, ಹೊರವಲಯಕ್ಕೆ ಕೊಳವೆ ಬೇಗ ತಲುಪಬೇಕೆಂಬ ಆತುರ ಯಾರಿಗೆ ಹುಟ್ಟಬೇಕು? 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ, 2025ರಲ್ಲಿ ಅದು 5 ಪಾಲಿಕೆಗಳಾಗಿ ಒಡೆದಾಗಲೂ ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ಕಣ್ಣಿಗೆ ಬೀಳುವ ಕೆಲಸಕ್ಕೆ ಮಾತ್ರ ಹಣ ಬೇಗ ಸಿಗುತ್ತದೆ ಎಂಬುದು ನನ್ನ ಇನ್ನೊಂದು ದೂರು. 2022ರ ಸೆಪ್ಟೆಂಬರ್‌ನ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರತರಬೇಕಾಯಿತು. ಒತ್ತುವರಿಯಾಗಿ ಕಿರಿದಾದ, ಹೂಳೆತ್ತದೆ ಬಿಟ್ಟ ರಾಜಕಾಲುವೆಗೆ ಸಕಾಲದಲ್ಲಿ ಹಣ ಹಾಕಿದ್ದರೆ ಆ ಮನೆಗಳ ಬೆಲೆಯೂ, ಅವುಗಳ ಹಿಂದಿನ ಶೆಡ್‌ಗಳಲ್ಲಿದ್ದ ಕೂಲಿಕಾರರ ಪಾತ್ರೆ-ಪಗಡೆಯೂ ಉಳಿಯುತ್ತಿದ್ದವು. ಶೆಡ್ಡಿನವರ ನಷ್ಟ ಯಾವ ರಿಯಲ್ ಎಸ್ಟೇಟ್ ಲೆಕ್ಕಕ್ಕೂ ಬರುವುದಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಯೋಜನೆ ಘೋಷಿಸುವ ದಿನವೇ ಯಾವ ಬೀದಿಗೆ ಯಾವ ತಿಂಗಳಲ್ಲಿ ಕೊಳವೆ ಬರುತ್ತದೆ ಎಂಬ ಪಟ್ಟಿ ವಾರ್ಡ್ ಕಚೇರಿಯ ಗೋಡೆಯ ಮೇಲೆ ಇರಬೇಕು. ಆ ತಿಂಗಳು ಮೀರಿದರೆ, ನೀರು ಬರುವವರೆಗೆ ಆ ಬೀದಿಯ ತೆರಿಗೆಯ ಒಂದು ಭಾಗವನ್ನು ಬಿಡಬೇಕು. ಹೊರವಲಯದ ನೋಂದಣಿಗಳಿಂದ ಬರುವ ಮುದ್ರಾಂಕ ಶುಲ್ಕದ ದೊಡ್ಡ ಪಾಲು ಅದೇ ಪ್ರದೇಶದ ಕೊಳವೆ, ಚರಂಡಿಗಳಿಗೆ ಮೀಸಲಾಗಬೇಕು. ಮನೆ ಕೊಳ್ಳುವಾಗಲೇ ಈ ಬೆಲೆ ತೆತ್ತವರ ಬಳಿ ಸುಧಾರಣಾ ಶುಲ್ಕ, ಸಂಪರ್ಕ ಶುಲ್ಕ ಎಂದು ಮತ್ತೆ ಮತ್ತೆ ಕೈಚಾಚುವ ಬದಲು, ಹೊಲವನ್ನು ಬಡಾವಣೆ ಮಾಡಿ ಮಾರುವ ಹಂತದಲ್ಲಿಯೇ ಆ ಹಣವನ್ನು ಪಡೆಯಬೇಕು.

ನಮ್ಮ ಬೀದಿಗೆ ಈಗ ನೀರು ಬಂದಿದೆ, ದಿನ ಬಿಟ್ಟು ದಿನ. ನಗರದ ಅಂಚು ಮಾತ್ರ ಇನ್ನಷ್ಟು ಆಚೆ ಸರಿದಿದೆ, ಅಲ್ಲಿನ ನಿವೇಶನಗಳನ್ನು ಈಗ ‘6ನೇ ಹಂತ ಬರುತ್ತದೆ’ ಎಂದು ಹೇಳಿ ಮಾರುತ್ತಿದ್ದಾರೆ.