ಎದೆನೋವಿನ ವಾರ್ಡಲ್ಲಿ ಸಿಸ್ಟರ್ ಏನು ನೋಡ್ತಾ ಇರ್ತಾರೆ

ಕೇಳುಗರೆಲ್ಲರಿಗೂ ನಮಸ್ಕಾರ. ಹಾರ್ಟ್ ಅಟ್ಯಾಕ್ ಬಗ್ಗೆ ಡಾಕ್ಟರುಗಳು ಮಾತಾಡೋದನ್ನ ನೀವು ತುಂಬ ಕೇಳಿರ್ತೀರ. ಸ್ಟೆಂಟು, ಬೈಪಾಸು, ಕೊಲೆಸ್ಟ್ರಾಲು ಇವೆಲ್ಲ ಈಗ ಊರಿನ ಅರಳಿಕಟ್ಟೆ ಮೇಲೂ ಓಡಾಡೋ ಮಾತುಗಳು. ನಾನು ನರ್ಸು, ಐಸಿಸಿಯು ಅಂತಾರಲ್ಲ, ಹೃದಯದ ತುರ್ತು ವಾರ್ಡು, ಅಲ್ಲೇ ಬಹಳ ವರ್ಷ ಕೆಲಸ ಮಾಡಿದೋಳು. ಡಾಕ್ಟರು ರೌಂಡ್ಸ್ ಮುಗಿಸಿ ಹೋದಮೇಲೆ ಮಂಚದ ಪಕ್ಕ ಉಳಿಯೋರು ನಾವು, ರಾತ್ರಿ ಎರಡು ಗಂಟೆಗೆ ಪೇಷೆಂಟು ಗಾಬರಿಯಾಗಿ ಕಣ್ಣುಬಿಟ್ರೆ ಮೊದಲು ಕಾಣೋ ಮುಖ ನಮ್ಮದು. ಅಲ್ಲಿ ನಿಂತು ನಾವು ಏನು ನೋಡ್ತಾ ಇರ್ತೀವಿ, ಮನೆಯವರು ನಮ್ಮ ಹತ್ರ ಯಾವ ವಿಷಯ ಮುಚ್ಚಿಡಬಾರದು, ಇದನ್ನ ಇವತ್ತು ಹೇಳಬೇಕು ಅಂತ ಬಂದಿದೀನಿ.

ಹೃದಯಕ್ಕೂ ರಕ್ತ ಬೇಕು, ಅದನ್ನ ತಂದುಕೊಡೋವೇ ಕರೋನರಿ ರಕ್ತನಾಳಗಳು. ವರ್ಷಗಟ್ಟಲೆ ಅದರ ಗೋಡೆಯೊಳಗೆ ಕೊಬ್ಬು ಸೇರ್ಕೊಂಡು ದಾರಿ ಕಿರಿದಾಗುತ್ತೆ, ಆಗ ಮೆಟ್ಟಿಲು ಹತ್ತಿದ್ರೆ, ಊಟ ಮಾಡಿ ಬೇಗಬೇಗ ನಡೆದ್ರೆ ಎದೆ ಹಿಡ್ಕೊಳ್ಳುತ್ತೆ, ನಿಂತು ಸುಧಾರಿಸ್ಕೊಂಡ್ರೆ ಹೋಗುತ್ತೆ, ಇದು ಆಂಜೈನಾ. ಆ ಕೊಬ್ಬಿನ ಗಡ್ಡೆ ಒಂದಿನ ಬಿರುಕುಬಿಟ್ಟು ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಕೊಂಡ್ರೆ ಆ ಭಾಗದ ಹೃದಯದ ಮಾಂಸಖಂಡ ಸಾಯೋಕೆ ಶುರುವಾಗುತ್ತೆ, ಇದು ಹಾರ್ಟ್ ಅಟ್ಯಾಕು. ಇದು ಕೂತು ಸುಧಾರಿಸ್ಕೊಂಡ್ರೆ ಹೋಗಲ್ಲ.

ನಮ್ಮ ಕಡೆ ಜನ ಲೇಟಾಗಿ ಬರೋದಕ್ಕೆ ದೊಡ್ಡ ಕಾರಣ ಒಂದೇ, ಗ್ಯಾಸ್ಟ್ರಿಕ್ಕು. ಎದೆ ಉರೀತು ಅಂತ ಸೋಡಾ ಕುಡೀತಾರೆ, ಜೀರಿಗೆ ಕಷಾಯ ಮಾಡ್ಕೋತಾರೆ, ಮೆಡಿಕಲ್ ಶಾಪಿಂದ ಗ್ಯಾಸಿನ ಮಾತ್ರೆ ತರ್ಸಿ ನುಂಗಿ ಮಲಗ್ತಾರೆ, ಬೆಳಗಾಗೋ ಹೊತ್ತಿಗೆ ಮೈಯೆಲ್ಲ ಬೆವರಿ ತಣ್ಣಗಾಗಿರುತ್ತೆ. ಹೆಂಗಸರದ್ದು ಇನ್ನೊಂದು ಥರ, ಅವರಿಗೆ ಎದೆನೋವಿಗಿಂತ ಉಸಿರು ಕಟ್ಟೋದು, ಬೆನ್ನು ದವಡೆ ನೋವು, ವಾಂತಿ, ವಿಪರೀತ ಸುಸ್ತು ಅಂತ ಬರಬಹುದು, ಅದನ್ನೂ ಅವರು ಯಾರಿಗೂ ಹೇಳದೆ ಅಡುಗೆ ಮುಗಿಸಿ, ಪಾತ್ರೆ ತೊಳೆದು, ಮಕ್ಕಳನ್ನ ಸ್ಕೂಲಿಗೆ ಕಳಿಸಿ ಆಮೇಲೆ ಆಸ್ಪತ್ರೆಗೆ ಬರ್ತಾರೆ. ಸಕ್ಕರೆ ಕಾಯಿಲೆ ಇರೋರಿಗೆ ನೋವೇ ಗೊತ್ತಾಗದೆ ಇರಬಹುದು. ಹಾಗಾಗಿ ದಯವಿಟ್ಟು, ಎದೆ ಬಿಗಿತ, ಬೆವರು, ಎಡಗೈಗೋ ದವಡೆಗೋ ಹರಡೋ ನೋವು ಹತ್ತು ಹದಿನೈದು ನಿಮಿಷಕ್ಕೂ ಹೋಗ್ಲಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ, ಬೈಕಿನ ಹಿಂದೆ ಕೂರಿಸ್ಕೊಂಡು ಬರಬೇಡಿ, ದಾರೀಲಿ ಹೃದಯದ ಬಡಿತ ನಿಂತ್ರೆ ಬೈಕ್ ಮೇಲೆ ಯಾರು ಏನೂ ಮಾಡೋಕಾಗಲ್ಲ.

ಆಸ್ಪತ್ರೆ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ, ಅಂದ್ರೆ ಹೃದಯದ ಬಡಿತವನ್ನ ಗೆರೆಯಾಗಿ ಬರೆದು ತೋರಿಸೋ ಪರೀಕ್ಷೆ, ಆಗಬೇಕು, ಹೆಚ್ಚಿನ ಕಡೆ ಅದನ್ನ ಹಿಡಿಯೋದು ನರ್ಸೇ. ಎದೆಗೆ ಅಂಟಿಸೋ ಆರು ಲೀಡುಗಳಿಗೂ ಜಾಗ ಇದೆ, ಪಕ್ಕೆಲುಬು ಎಣಿಸಿ ನಾಲ್ಕನೇ ಸಂದಿನಲ್ಲಿ ಶುರು ಮಾಡಬೇಕು, ಒಂದೆರಡು ಇಂಚು ಮೇಲೆ ಅಂಟಿಸಿದ್ರೆ ಇಲ್ಲದ ಕಾಯಿಲೆ ಕಾಣಬಹುದು, ಇರೋ ಕಾಯಿಲೆ ತಪ್ಪಿಹೋಗಬಹುದು. ನಮ್ಮ ಹೆಣ್ಮಕ್ಕಳು ಎದೆ ತೆರೆಯೋಕೆ ನಾಚ್ಕೋತಾರೆ, ಅದು ಸಹಜ, ಸ್ಕ್ರೀನ್ ಎಳೆದು, ಗಂಡಸರನ್ನ ಆಚೆ ಕಳಿಸಿ, ಒಂದು ಬಟ್ಟೆ ಹೊದಿಸಿ ತೆಗೀಬೇಕು, ಬಟ್ಟೆ ಮೇಲೇ ಹೇಗೋ ಅಂಟಿಸಿ ಮುಗಿಸೋದು ಸರಿಯಲ್ಲ ಅಂತ ಹೊಸದಾಗಿ ಬರೋ ಹುಡುಗೀರಿಗೆ ನಾನು ಯಾವಾಗ್ಲೂ ಹೇಳ್ತೀನಿ. ಇನ್ನೊಂದು ವಿಷಯ, ಮೊದಲ ಇಸಿಜಿ ನಾರ್ಮಲ್ ಬಂತು ಅಂದ ತಕ್ಷಣ ಎದ್ದು ಹೊರಡೋರು ಬಹಳ ಜನ. ನೋವು ಇನ್ನೂ ಇದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಸಿಜಿ ತೆಗೀಬೇಕು, ಹೃದಯದ ಮಾಂಸಖಂಡಕ್ಕೆ ಪೆಟ್ಟಾಗಿದೆ ಅಂತ ರಕ್ತಪರೀಕ್ಷೇಲಿ ತೋರಿಸೋ ಟ್ರೋಪೋನಿನ್ ಅನ್ನೋ ಅಂಶ ಕೆಲವು ಗಂಟೆ ಆದ್ಮೇಲೇ ಏರಬಹುದು, ಅದಕ್ಕೇ ನಿಮ್ಮನ್ನ ಕೂರಿಸ್ಕೊಳ್ಳೋದು.

ಕರ್ನಾಟಕದಲ್ಲಿ ಈಗ ಪುನೀತ್ ರಾಜ್‌ಕುಮಾರ್ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಇದೆ. 2021ರ ಅಕ್ಟೋಬರ್ 29ರಂದು ಅವರು ಹೋದಾಗ ಇಡೀ ರಾಜ್ಯ ಅತ್ತಿತ್ತು, ಆ ಹೆಸರು ಇಂಥ ಕೆಲಸಕ್ಕೆ ಸೇರಿದ್ದು ನನಗೆ ನಿಜಕ್ಕೂ ಸಮಾಧಾನ ಕೊಟ್ಟಿದೆ. ತಾಲ್ಲೂಕು ಆಸ್ಪತ್ರೇಲಿ ತೆಗೆದ ಇಸಿಜಿಯನ್ನ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಹೇಳ್ತಾರೆ, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ತಾಲ್ಲೂಕಲ್ಲೇ ಉಚಿತವಾಗಿ ಸಿಗುತ್ತೆ. ದೊಡ್ಡ ಊರಿಗೆ ಹೋಗಿ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ, ಅಂದ್ರೆ ಮುಚ್ಚಿದ ನಾಳವನ್ನ ಬಲೂನಿಂದ ತೆರೆದು ಸ್ಟೆಂಟ್ ಇಡೋದು, ಆಗೋ ಹಾಗಿದ್ರೆ ಅದೇ ಒಳ್ಳೇದು, ಆಗಲ್ಲ ಅಂದ್ರೆ ಬಂದ ಅರ್ಧ ಗಂಟೆಯೊಳಗೆ ಈ ಇಂಜೆಕ್ಷನ್ ಹೋಗಬೇಕು. 12 ಗಂಟೆ ದಾಟಿದ್ರೆ ಅದರ ಉಪಯೋಗ ಬಹಳ ಕಡಿಮೆ.

ಈ ಇಂಜೆಕ್ಷನ್ ಕೊಡೋ ಮುಂಚೆ ನಾವು ಗಡಿಬಿಡೀಲಿ ಒಂದಷ್ಟು ಪ್ರಶ್ನೆ ಕೇಳ್ತೀವಿ, ಮನೆಯವರಿಗೆ ಕೋಪ ಬರುತ್ತೆ, ಅವರು ಸಾಯ್ತಾ ಇದಾರೆ ನೀವು ಇಂಟರ್ವ್ಯೂ ಮಾಡ್ತಿದೀರ ಅಂತಾರೆ. ಆ ಔಷಧಿ ಹೃದಯದ ಹೆಪ್ಪೊಂದನ್ನೇ ಹುಡುಕಿಕೊಂಡು ಹೋಗಲ್ಲ, ಮೈಯಲ್ಲಿ ಎಲ್ಲೇ ಹೆಪ್ಪಿದ್ರೂ ಕರಗಿಸುತ್ತೆ, ಹಾಗಾಗಿ ಬೇರೆ ಕಡೆ ರಕ್ತಸ್ರಾವ ಆಗೋ ಭಯ ಇದೆ. ಹಿಂದೆ ಮೆದುಳಲ್ಲಿ ರಕ್ತಸ್ರಾವ ಆಗಿತ್ತಾ, ಮೂರು ತಿಂಗಳೊಳಗೆ ಸ್ಟ್ರೋಕ್ ಆಗಿತ್ತಾ, ಇತ್ತೀಚೆಗೆ ಆಪರೇಷನ್ ಆಯ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ, ಕಪ್ಪಗೆ ಮಲ ಹೋಗ್ತಿತ್ತಾ, ಇದಕ್ಕೆಲ್ಲ ಸರಿಯಾದ ಉತ್ತರ ಬೇಕು. ತೂಕ ಕೂಡ ಬೇಕು, ಯಾಕಂದ್ರೆ ಟೆನೆಕ್ಟೆಪ್ಲೇಸ್ ಡೋಸು ತೂಕದ ಮೇಲೆ ಹೋಗುತ್ತೆ, 60 ಕೆಜಿಗಿಂತ ಕಡಿಮೆ ಇದ್ರೆ 30 ಮಿಲಿಗ್ರಾಂ, 90 ಅಥವಾ ಅದಕ್ಕಿಂತ ಹೆಚ್ಚಿದ್ರೆ 50, ಸುಮ್ಮನೆ ಅಂದಾಜಲ್ಲಿ ಎಪ್ಪತ್ತಿರಬಹುದು ಅಂದ್ಬಿಡಬೇಡಿ.

ಇನ್ನೊಂದು ಪ್ರಶ್ನೆ ಇದೆ, ಅದನ್ನ ಕೇಳೋ ಮುಂಚೆ ನಾನು ಹೆಂಡತಿ ಮಕ್ಕಳನ್ನ ಎರಡು ನಿಮಿಷ ಆಚೆ ಕಳಿಸ್ತೀನಿ. ವಯಾಗ್ರದಂಥ ಮಾತ್ರೆ ಏನಾದ್ರೂ ತಗೊಂಡಿದೀರಾ, ಯಾವಾಗ ತಗೊಂಡ್ರಿ ಅಂತ. ಎದೆನೋವಿಗೆ ನಾಲಿಗೆ ಕೆಳಗಿಡೋ ಸಾರ್ಬಿಟ್ರೇಟು, ನೈಟ್ರೋಗ್ಲಿಸರಿನ್ ಡ್ರಿಪ್ಪು ಇವನ್ನ ಅದರ ಮೇಲೆ ಕೊಟ್ರೆ ಬಿಪಿ ಪಾತಾಳಕ್ಕೆ ಹೋಗುತ್ತೆ. ಮಗನ ಮುಂದೆ ಯಾವ ತಂದೆಯೂ ಇದನ್ನ ಒಪ್ಪಲ್ಲ, ಸಿಸ್ಟರ್ ಒಬ್ರೇ ಇದ್ದು ಮೆಲ್ಲಗೆ ಕೇಳಿದ್ರೆ ಹೇಳ್ತಾರೆ. ಹೃದಯದ ಕೆಳಭಾಗದ ಅಟ್ಯಾಕಲ್ಲಿ ಬಲಭಾಗಕ್ಕೂ ಪೆಟ್ಟಾಗಿರಬಹುದು, ಅಲ್ಲೂ ಸಾರ್ಬಿಟ್ರೇಟ್ ಕೊಟ್ರೆ ಬಿಪಿ ಬೀಳೋ ಇದೇ ಅಪಾಯ, ಅದಕ್ಕೇ ಬಲಗಡೆ ಎದೆಗೂ ಲೀಡ್ ಹಾಕಿ ಇನ್ನೊಂದು ಇಸಿಜಿ ತೆಗೀತೀವಿ.

ಇಂಜೆಕ್ಷನ್ ಹೋದ ಮೇಲೆ ಒಂದೆರಡು ಗಂಟೆ ನಾವು ಆ ಮಂಚ ಬಿಟ್ಟು ಅಲ್ಲಾಡಲ್ಲ. ಹದಿನೈದು ನಿಮಿಷಕ್ಕೊಮ್ಮೆ ಬಿಪಿ, ಒಸಡಲ್ಲಿ ರಕ್ತ ಬಂತಾ, ಮೂತ್ರ ಕೆಂಪಾಯ್ತಾ, ತಲೆನೋವು ಅಂತಿದಾರಾ, ಮಾತು ತೊದಲ್ತಾ ಇದೆಯಾ, ಎರಡೂ ಕೈ ಸಮನಾಗಿ ಎತ್ತುತ್ತಾರಾ. ನೀವು ಯಾವೂರು, ಎಷ್ಟು ಎಕರೆ, ಏನು ಬೆಳೆ ಅಂತ ನಾನು ಕೇಳ್ತಾ ಇರ್ತೀನಿ, ಅದು ಹರಟೆ ಥರ ಕಾಣುತ್ತೆ, ಆದ್ರೆ ಮೆದುಳು ಸರಿಯಾಗಿದೆಯಾ ಅಂತ ನಾನು ನೋಡೋದು ಹಾಗೇ. ಸೊಂಟಕ್ಕೆ ತೋಳಿಗೆ ಸೂಜಿ ಚುಚ್ಚಲ್ಲ, ಚುಚ್ಚಿದ ಜಾಗದಲ್ಲಿ ರಕ್ತ ಕಟ್ಕೊಳ್ಳುತ್ತೆ. 60ರಿಂದ 90 ನಿಮಿಷಕ್ಕೆ ಮತ್ತೆ ಇಸಿಜಿ, ಅಟ್ಯಾಕಿಂದ ಇಸಿಜಿಯಲ್ಲಿ ಮೇಲೆದ್ದಿದ್ದ ಗೆರೆ ಅರ್ಧಕ್ಕಾದ್ರೂ ಇಳಿದಿದ್ರೆ ನಾಳ ತೆರೆದಿರಬಹುದು, ಇಳೀದಿದ್ರೆ ತಕ್ಷಣ ಆಂಜಿಯೋಪ್ಲಾಸ್ಟಿಗೆ ಕಳಿಸ್ಬೇಕು. ನೋವು ಹೋಯ್ತಲ್ಲ ಇನ್ಯಾಕೆ ದೊಡ್ಡಾಸ್ಪತ್ರೆ ಅಂತ ಮನೆಗೆ ಹೊರಡಬೇಡಿ, ಇಂಜೆಕ್ಷನ್ ಕೆಲಸ ಮಾಡಿದ್ರೂ ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೋಗ್ರಾಂ, ಅಂದ್ರೆ ನಾಳ ಎಲ್ಲಿ ಕಿರಿದಾಗಿದೆ ಅಂತ ಎಕ್ಸ್‌ರೇಲಿ ನೋಡೋ ಪರೀಕ್ಷೆ, ಆಗಬೇಕು, ಒಳಗಿನ ಕೊಬ್ಬಿನ ಗಡ್ಡೆ ಹಾಗೇ ಇರುತ್ತೆ.

ಮೊದಲ ಒಂದೆರಡು ದಿನ ನಮಗೆ ಇರೋ ದೊಡ್ಡ ಭಯ ಹೃದಯದ ತಾಳ ತಪ್ಪೋದು, ಬಡಿಯೋದು ಬಿಟ್ಟು ಬರೀ ನಡುಗೋದು. ಆಗ ಎದೆಗೆ ಕರೆಂಟ್ ಶಾಕ್ ಕೊಡೋಕೆ ನಿಮಿಷ ತಡವಾದ್ರೂ ಪ್ರಾಣಕ್ಕೆ ಕಷ್ಟ. ಹಿಂದೆ ಹಾರ್ಟ್ ಅಟ್ಯಾಕ್ ಆದೋರನ್ನ ನಾಲ್ಕರಿಂದ ಆರು ವಾರ ಅಲ್ಲಾಡದೆ ಮಲಗಿಸ್ತಿದ್ರು, 1952ರಲ್ಲಿ ಅಮೆರಿಕದ ಲೆವಿನ್ ಮತ್ತು ಲೌನ್ ಅನ್ನೋ ಡಾಕ್ಟರುಗಳು ಇವರನ್ನ ಬೇಗ ಕುರ್ಚೀಲಿ ಕೂರಿಸ್ಬಹುದು ಅಂತ ತೋರಿಸಿದ್ರು. ಆಮೇಲೆ 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಲಾರೆನ್ಸ್ ಮೆಲ್ಟ್ಜರ್ ಮತ್ತು ರೋಸ್ ಪಿನಿಯೋ ಅನ್ನೋ ನರ್ಸು ಸೇರಿ, ಹೃದಯದ ಬಡಿತ ತೋರಿಸೋ ಮಾನಿಟರ್ ಓದೋದನ್ನ ನರ್ಸುಗಳಿಗೆ ಕಲಿಸಿ, ಡಾಕ್ಟರು ಬರೋವರೆಗೂ ಕಾಯದೆ ನರ್ಸೇ ಶಾಕ್ ಕೊಡೋ ಪದ್ಧತಿ ಬೆಳೆಸಿದ್ರು. ಅವರ ಹೆಸರು ನಮ್ಮ ನರ್ಸಿಂಗ್ ಕಾಲೇಜಿನ ಪ್ರತಿ ವಿದ್ಯಾರ್ಥಿಗೂ ಗೊತ್ತಿರಬೇಕು ಅಂತ ನನ್ನ ಆಸೆ.

ಆದ್ರೆ ಮಾನಿಟರ್ ಎಲ್ಲವನ್ನೂ ಹೇಳಲ್ಲ. ಸಂಜೆವರೆಗೂ ಸರಿಯಾಗಿದ್ದೋರು ಸುಮ್ಮನೆ ಹೊದಿಕೆ ಕಿತ್ತುಹಾಕ್ತಾ ಇರ್ತಾರೆ, ಯಾಕೋ ಸಮಾಧಾನ ಇಲ್ಲ ಸಿಸ್ಟರ್ ಅಂತಾರೆ, ಪಾದ ಮುಟ್ಟಿದ್ರೆ ತಣ್ಣಗಿರುತ್ತೆ, ಮೂತ್ರದ ಚೀಲ ನೋಡಿದ್ರೆ ಗಂಟೆಗೆ 30 ಎಂಎಲ್ ಕೂಡ ಬಂದಿರಲ್ಲ, ಬಿಪಿ ಮಾತ್ರ ಇನ್ನೂ ಪರವಾಗಿಲ್ಲ. ಅದು ಹೃದಯ ಸೋಲ್ತಾ ಇರೋ ಸೂಚನೆ, ಬಿಪಿ ಬಿದ್ದ ಮೇಲೆ ಕೂಗಿಕೊಂಡ್ರೆ ತಡವಾಗಿಹೋಗಿರುತ್ತೆ. ಚಪ್ಪಟೆ ಮಲಗೋಕೆ ಆಗ್ತಿಲ್ಲ, ಎರಡು ದಿಂಬು ಕೊಡಿ ಅಂದ್ರೂ ನಾವು ಎದೆಗೆ ಸ್ಟೆತ್ ಇಟ್ಟು ನೀರು ತುಂಬಿದ ಸದ್ದು ಇದೆಯಾ ಅಂತ ಕೇಳ್ತೀವಿ. ಇಲ್ಲಿ ಮನೆಯವರು ನಮಗೆ ದೊಡ್ಡ ಸಹಾಯ, ಮೂವತ್ತು ವರ್ಷ ಜೊತೆಗಿದ್ದ ಹೆಂಡತಿ ಇವರು ಇವತ್ತು ಇದ್ದಹಾಗಿಲ್ಲ ಅಂದ್ರೆ ನಾನು ಆ ಮಾತನ್ನ ಯಾವತ್ತೂ ತಳ್ಳಿಹಾಕಲ್ಲ, ತಕ್ಷಣ ಹೋಗಿ ನೋಡ್ತೀನಿ.

ಕಕ್ಕಸಿನ ವಿಷಯ ರೇಡಿಯೋದಲ್ಲಿ ಹೇಳ್ತೀನಿ ಅಂತ ಬೇಜಾರಾಗಬೇಡಿ. ನಮ್ಮ ಗಂಡಸರು ಬೆಡ್‌ಪ್ಯಾನ್ ಒಪ್ಪಲ್ಲ, ಕಣ್ತಪ್ಪಿಸಿ ಎದ್ದು ಹೋಗಿ ಕುಕ್ಕರುಗಾಲಲ್ಲಿ ಕೂತು ಮುಕ್ಕರೀತಾರೆ. ಆ ಮುಕ್ಕರಿಯೋದೇ ಬಡಿತ, ಬಿಪಿ ಎರಡನ್ನೂ ಏರುಪೇರು ಮಾಡುತ್ತೆ, ಅಲ್ಲೇ ಕುಸಿದುಬೀಳಬಹುದು. ಅದಕ್ಕೇ ಮಂಚದ ಪಕ್ಕ ಕಮೋಡ್ ಕುರ್ಚಿ ಇಡ್ತೀವಿ, ಮಲ ಮೆತ್ತಗಾಗೋ ಔಷಧಿ ಕೊಡ್ತೀವಿ, ನಾಚಿಕೆ ಬಿಟ್ಟು ಹೇಳಿ. ಮಂಚದ ಪಕ್ಕ ನಿಂತು ಅಳೋದು, ದುಡ್ಡು ಎಲ್ಲಿಂದ ತರೋದು ಅಂತ ಜಗಳ ಆಡೋದು, ಜಮೀನಿನ ಪಾಲು ಮಾತಾಡೋದು ಇದನ್ನೂ ಮಾಡಬೇಡಿ, ಕಣ್ಣುಮುಚ್ಚಿದ್ರೂ ಅವರಿಗೆ ಎಲ್ಲಾ ಕೇಳಿಸುತ್ತೆ, ಮಾನಿಟರಲ್ಲಿ ಪಲ್ಸ್ ಏರೋದು ನಮಗೆ ಕಾಣುತ್ತೆ.

ಆಂಜಿಯೋಗ್ರಾಂಗೆ ಕೈಯ ರಕ್ತನಾಳದ ಮೂಲಕ ಹೋಗಿದ್ರೆ ಮಣಿಕಟ್ಟಿಗೆ ಬಿಗಿ ಬ್ಯಾಂಡು ಹಾಕಿರ್ತಾರೆ, ಅದನ್ನ ನಾವು ಸ್ವಲ್ಪ ಸ್ವಲ್ಪ ಸಡಿಲ ಮಾಡ್ತೀವಿ, ತೊಡೆಯ ರಕ್ತನಾಳದ ಮೂಲಕ ಹೋಗಿದ್ರೆ ಕೆಲವು ಗಂಟೆ ಕಾಲು ಮಡಚಬಾರದು. ಆ ಜಾಗ ಊದಿದ್ರೆ, ಒದ್ದೆ ಅನ್ನಿಸಿದ್ರೆ, ಬೆನ್ನು ಕೆಳಗೆ ಜೋರು ನೋವಾದ್ರೆ ತಕ್ಷಣ ಕರೀರಿ.

ಡಿಸ್ಚಾರ್ಜ್ ದಿನ ಎಲ್ಲರಿಗೂ ಬಿಲ್ಲು, ಆಟೋ, ಬಸ್ಸಿನ ಅವಸರ, ನಾವು ಹೇಳಿದ್ದು ಯಾರ ಕಿವಿಗೂ ಬೀಳಲ್ಲ, ಹಾಗಾಗಿ ಹಿಂದಿನ ದಿನವೇ ಹೇಳಿ ವಾಪಸ್ ಅವರ ಬಾಯಿಂದ ಹೇಳಿಸ್ತೀನಿ. ಸ್ಟೆಂಟ್ ಹಾಕಿದ್ರೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಇನ್ನೊಂದು ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ ಇರುತ್ತೆ. ಹಲ್ಲು ಕೀಳಿಸ್ಬೇಕು ಅಂತ, ನಾಟಿ ಔಷಧಿ ಶುರುಮಾಡಿದ್ವಿ ಅಂತ ನೀವೇ ನಿಲ್ಲಿಸಿದ್ರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು, ಹೃದ್ರೋಗ ಡಾಕ್ಟರನ್ನ ಕೇಳದೆ ಒಂದು ದಿನಾನೂ ಬಿಡಬೇಡಿ. ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಿಡಬೇಕು, ಇದರಲ್ಲಿ ಚೌಕಾಸಿ ಇಲ್ಲ. ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಿ. ನಡಿಗೆ ಐದು ಹತ್ತು ನಿಮಿಷದಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸಿ, ಮೂಟೆ ಎತ್ತೋದು, ನೇಗಿಲು ಹಿಡಿಯೋದು ಯಾವಾಗ ಅಂತ ಡಾಕ್ಟರನ್ನ ಬಾಯಿಬಿಟ್ಟು ಕೇಳಿ. ಗಂಡಹೆಂಡಿರ ಸಂಬಂಧದ ಬಗ್ಗೆ ಯಾರೂ ಕೇಳಲ್ಲ, ಕೇಳದೆ ಇಬ್ಬರೂ ಭಯದಲ್ಲಿ ವರ್ಷಗಟ್ಟಲೆ ದೂರ ಇದ್ದುಬಿಡ್ತಾರೆ. ಎರಡು ಮಹಡಿ ಮೆಟ್ಟಿಲನ್ನ ಎದೆನೋವು ಉಸಿರುಕಟ್ಟು ಇಲ್ಲದೆ ಹತ್ತೋಕಾದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಚೆಕಪ್ಪಿಗೆ ಹೋದಾಗ ಒಂದು ಮಾತು ಕೇಳ್ಕೊಳ್ಳಿ. ಮನೆಗೆ ಹೋದ ಮೇಲೆ ಸುಮ್ಮಸುಮ್ಮನೆ ಅಳು ಬರೋದು, ನಿದ್ದೆ ಇಲ್ಲದಿರೋದು, ಯಾವುದರಲ್ಲೂ ಮನಸ್ಸಿಲ್ಲದಿರೋದು ಹಾರ್ಟ್ ಅಟ್ಯಾಕ್ ಆದೋರಲ್ಲಿ ಬಹಳ ಕಾಣುತ್ತೆ, ಅದಕ್ಕೂ ಚಿಕಿತ್ಸೆ ಇದೆ.

ಕೊನೇದಾಗಿ ಒಂದು ಚಿಕ್ಕ ಕೆಲಸ. ಡಿಸ್ಚಾರ್ಜ್ ಸಮ್ಮರಿ, ಕೊನೇ ಇಸಿಜಿ, ಮಾತ್ರೆ ಚೀಟಿ ಇವುಗಳ ಫೋಟೋ ತೆಗೆದು ಮನೆಯ ಇಬ್ಬರ ಫೋನಲ್ಲಾದ್ರೂ ಇಟ್ಕೊಳ್ಳಿ. ಮತ್ತೆ ಎದೆನೋವು ಅಂತ ಯಾವುದೇ ಊರಿನ ಆಸ್ಪತ್ರೆಗೆ ಹೋದ್ರೂ ಅಲ್ಲಿರೋ ಸಿಸ್ಟರ್ ಹೊಸ ಇಸಿಜಿಯನ್ನ ಹಳೇದರ ಪಕ್ಕ ಇಟ್ಟು ನೋಡ್ತಾರೆ, ಯಾವ ಬದಲಾವಣೆ ಇವತ್ತಿನದು ಅಂತ ಆಗಲೇ ಗೊತ್ತಾಗುತ್ತೆ. ನಮಸ್ಕಾರ.