ಉಗುರಿನಷ್ಟು ತೆಳು ಪಿಂಗಾಣಿ: ವೆನೀರ್ ಹಾಕಿಸಬೇಕೆ, ಬೇಡವೆ?

ಕೇಳುಗರಿಗೆ ನಮಸ್ಕಾರ.

ಆಷಾಢ ಮುಗಿದು ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ದಂತ ವೈದ್ಯರ ಮುಂದೆ ಕೇಳಿಬರುವ ಮಾತೊಂದಿದೆ: 'ಮದುವೆಗೆ ಇನ್ನು ಹದಿನೈದು ದಿನ ಇದೆ, ಮುಂದಿನ ಹಲ್ಲುಗಳಿಗೆ ವೆನೀರ್ ಹಾಕಿಕೊಡಿ ಸರ್.' ಹದಿನೈದು ದಿನ ಸಾಲದು. ಏಕೆ ಸಾಲದು ಅನ್ನುವುದನ್ನು ತಿಳಿದುಕೊಂಡರೆ ಹಾಕಿಸಬೇಕೆ ಬೇಡವೆ ಅನ್ನುವ ಪ್ರಶ್ನೆಯೂ ಅರ್ಧ ಬಗೆಹರಿಯುತ್ತದೆ.

ವೆನೀರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಮಾತ್ರ ಅಂಟಿಸುವ ಪಿಂಗಾಣಿಯ ತೆಳು ಹಾಳೆ. ದಪ್ಪ ಸುಮಾರು 0.5 ಮಿಲಿಮೀಟರ್, ಹೆಚ್ಚುಕಡಿಮೆ ನಿಮ್ಮ ಕೈಬೆರಳಿನ ಉಗುರಿನಷ್ಟು. ಅಂಟಿಸುವ ಮುಂಚೆ ತುಸು ಒತ್ತಿ ಹಿಡಿದರೂ ಪಟ್ಟನೆ ಒಡೆಯುವ ವಸ್ತು ಇದು. ಹಲ್ಲಿಗೆ ಕೂತ ಮೇಲೆ ಬರುವ ಬಲ ಅದರದ್ದಲ್ಲ, ಬೆನ್ನಿಗಿರುವ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನದ್ದು, ನಡುವಿನ ಅಂಟಿನದ್ದು. 1928ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಸಿನಿಮಾ ನಟರಿಗೆ ಇಂಥ ಹಾಳೆ ತೊಡಿಸಿದಾಗ, ಹಲ್ಲುಸೆಟ್ಟಿಗೆ ಹಾಕುವ ಪುಡಿಯಿಂದ ಅಂಟಿಸಿದ್ದರು. ಶೂಟಿಂಗ್ ಮುಗಿಯಿತು, ತೆಗೆದಿಟ್ಟರು. 1955ರಲ್ಲಿ ಬ್ಯೂನೊಕೋರ್ ಎಂಬ ವೈದ್ಯರು ಎನಾಮಲ್‌ಗೆ ಆಮ್ಲ ಸವರಿ ಅದನ್ನು ಸೂಕ್ಷ್ಮವಾಗಿ ತರಿಯಾಗಿಸಿದರೆ ಅಂಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿದರು. ಎಂಬತ್ತರ ದಶಕದಲ್ಲಿ ಪಿಂಗಾಣಿಯ ಒಳಮೈಗೂ ಅದೇ ಉಪಾಯ ಬಂತು. ಆಮೇಲೆಯೇ ವೆನೀರ್ ಉಂಡು ತಿನ್ನುವವರ ಬಾಯಲ್ಲಿ ನಿಂತದ್ದು.

ಹಾಗಾಗಿ ಲೆಕ್ಕವೆಲ್ಲ ಎನಾಮಲ್‌ನದ್ದು. ವೆನೀರ್ ಉಬ್ಬಿ ಕಾಣದಿರಲಿ ಅಂತ ಹಲ್ಲಿನ ಮುಂಭಾಗವನ್ನು ಒಸಡಿನ ಹತ್ತಿರ ಸುಮಾರು 0.3, ನಡುವೆ 0.5, ತುದಿಯಲ್ಲಿ 1ರಿಂದ 1.5 ಮಿಲಿಮೀಟರ್‌ವರೆಗೆ ಉಜ್ಜಿ ತೆಗೆಯುತ್ತಾರೆ. ಒಸಡಿನ ಅಂಚಿನಲ್ಲಿ ಎನಾಮಲ್ ಇರುವುದೇ ಅಷ್ಟು. ಸ್ವಲ್ಪ ಹೆಚ್ಚು ಉಜ್ಜಿದರೆ ಒಳಗಿನ ಡೆಂಟಿನ್ ತೆರೆದುಕೊಳ್ಳುತ್ತದೆ. ಅದರ ಮೇಲೆ ಅಂಟಿನ ಹಿಡಿತ ಕಡಿಮೆ, ತಣ್ಣೀರು ತಾಗಿದರೆ ಜುಮ್ ಎನ್ನುತ್ತದೆ. ತೆಗೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. 'ಬೇಡ ಅನ್ನಿಸಿದರೆ ಮುಂದೆ ತೆಗೆಸಿದರಾಯಿತು' ಅನ್ನುವ ಮಾತು ಇಲ್ಲಿ ನಡೆಯದು.

ಮೊದಲು ಕೇಳಬೇಕಾದ್ದು, ಹಲ್ಲಿನಲ್ಲಿ ನಿಮಗೆ ಸರಿಕಾಣದ್ದು ಏನು ಅಂತ. ಎಲೆ ಅಡಿಕೆ, ಕಾಫಿ, ಬೀಡಿಯ ಕಲೆಯಾದರೆ ಕ್ಲೀನಿಂಗ್ ಸಾಕು, ವೆನೀರಿನ ಮಾತೇ ಬೇಡ. ಹಲ್ಲೇ ಹಳದಿಯಾಗಿದ್ದರೆ ಬ್ಲೀಚಿಂಗ್. ಅಳತೆಗೆ ತಕ್ಕ ಟ್ರೇಯಲ್ಲಿ 10ರಿಂದ 16 ಶೇಕಡದ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಧರಿಸಿದರೆ ಎರಡು ಮೂರು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಒಂದು ಹಲ್ಲಿನ ತುದಿ ಮುರಿದಿದೆ, ಎರಡರ ನಡುವೆ ಸಣ್ಣ ಸಂದು ಇದೆ ಅಂದರೆ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ರಾಳ, ತುಂಬಿಸಬಹುದು. ಕೆಲವು ವರ್ಷಕ್ಕೆ ಹೊಳಪು ಕಳೆದು ಬಣ್ಣ ಕಟ್ಟುತ್ತದೆ, ನಿಜ. ಆದರೆ ಹಲ್ಲನ್ನು ಉಜ್ಜುವ ಪ್ರಮೇಯ ಬಹುತೇಕ ಇರುವುದಿಲ್ಲ, ದುರಸ್ತಿ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಸೊಟ್ಟ ಹಲ್ಲಿಗೆ ತಂತಿ ಅಥವಾ ಅಲೈನರ್ ಎಂಬ ಪಾರದರ್ಶಕ ಟ್ರೇ. ಸೊಟ್ಟ ಹಲ್ಲನ್ನು ಪಿಂಗಾಣಿಯಿಂದ ನೇರ ಕಾಣಿಸಲು ಹೋದರೆ ಮುಂದೆ ಚಾಚಿದ ಹಲ್ಲಿನ ಎನಾಮಲ್ ಪೂರ್ತಿ ಹೋಗುತ್ತದೆ. ಆರು ತಿಂಗಳ ತಂತಿ ತಪ್ಪಿಸಲು ಜೀವಮಾನದ ಎನಾಮಲ್ ತೆರುವುದು ನಷ್ಟದ ವ್ಯಾಪಾರ.

ಫ್ಲೋರೈಡ್ ಕಲೆಯ ವಿಷಯವೇ ಬೇರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮ್ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಅನ್ನುವುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಬಿಳಿ ಮಚ್ಚೆಯೋ ಕಂದು ಪಟ್ಟೆಯೋ ಉಳಿಯುತ್ತದೆ. ತೆಳು ಮಚ್ಚೆ ಮೈಕ್ರೋಅಬ್ರೇಶನ್‌ಗೆ, ಅಂದರೆ ಆಮ್ಲ ಬೆರೆಸಿದ ಪೇಸ್ಟಿನಿಂದ ಮೇಲ್ಪದರ ತಿಕ್ಕುವುದಕ್ಕೆ, ಎಷ್ಟೋ ಸಲ ಬಗ್ಗುತ್ತದೆ. ಗಾಢ ಕಂದು, ಗುಳಿಬಿದ್ದ ಹಲ್ಲಿಗೆ ವೆನೀರ್ ಸರಿಯಾದ ಆಯ್ಕೆ. ಆದರೆ ಇಂಥ ಎನಾಮಲ್‌ನ ಮೇಲ್ಪದರ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ, ಹೆಚ್ಚು ಹೊತ್ತು ಸವರಬೇಕು. ನೀವು ಬೆಳೆದ ಊರಿನ ನೀರು ಯಾವುದು ಅಂತ ವೈದ್ಯರು ಕೇಳಿದರೆ ಅದು ಕುಶಲೋಪರಿಯಲ್ಲ.

ಕೆಲವರಿಗೆ ವೆನೀರ್ ಬೇಡವೇ ಬೇಡ. ನಿದ್ದೆಯಲ್ಲಿ ಹಲ್ಲು ಕಡಿಯುವವರು, ಒಸಡಿನಲ್ಲಿ ರಕ್ತ ಬರುವವರು, ಹುಳುಕು ಹಿಡಿಯುತ್ತಲೇ ಇರುವವರು, ಹದಿಹರೆಯದ ಮಕ್ಕಳು. ರೂಟ್ ಕೆನಾಲ್ ಆಗಿ ಬಹುಭಾಗ ಸವೆದ ಹಲ್ಲಿಗೆ ಕ್ಯಾಪ್ ಬೇಕಾದೀತು. ಆದರೆ ಗಟ್ಟಿಮುಟ್ಟಾದ ಹಲ್ಲನ್ನು ಸುತ್ತಲೂ ಉಜ್ಜಿ ಕ್ಯಾಪ್ ಕೂರಿಸಿ, ಅದನ್ನೇ ವೆನೀರ್ ಎಂದು ಕರೆಯುವುದೂ ಉಂಟು. 'ಹಿಂಭಾಗವನ್ನೂ ಉಜ್ಜುತ್ತೀರಾ?' ಎಂದು ಒಮ್ಮೆ ಕೇಳಿ. ಹೌದು ಎಂದರೆ, ಯಾಕೆ ಅಂತಲೂ ಕೇಳಿ.

ಸರಿ, ಹಾಕಿಸುವುದೇ ಎಂದಾದರೆ ಕೆಲಸ ಹೇಗೆ ಸಾಗುತ್ತದೆ? ಮೊದಲು ಎಕ್ಸ್-ರೇ, ಕ್ಲೀನಿಂಗ್, ಒಸಡು ಮಾಗಲು ಎರಡು ವಾರ. ಬ್ಲೀಚಿಂಗ್ ಮಾಡಿಸುವುದಾದರೆ ಅದೂ ಈಗಲೇ, ಏಕೆಂದರೆ ಪಿಂಗಾಣಿ ಮುಂದೆ ಬ್ಲೀಚ್ ಆಗುವುದಿಲ್ಲ. ಬ್ಲೀಚ್ ಮುಗಿದ ಮೇಲೆ ಮತ್ತೆರಡು ವಾರ ಬಿಡಬೇಕು: ಹಲ್ಲಿನಲ್ಲಿ ಉಳಿದ ಆಮ್ಲಜನಕ ಅಂಟು ಗಟ್ಟಿಯಾಗಲು ಬಿಡುವುದಿಲ್ಲ. ಆಮೇಲೆ ಅಚ್ಚಿನ ಮೇಲೆ ಮೇಣದಲ್ಲಿ ಹೊಸ ಆಕಾರ ಮಾಡಿ, ಅದನ್ನೇ ಅಕ್ರಿಲಿಕ್‌ನಲ್ಲಿ ನಿಮ್ಮ ಬಾಯಿಗೆ ಕೂರಿಸಿ ತೋರಿಸುತ್ತಾರೆ. ಇದಕ್ಕೆ ಮಾಕಪ್ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಿಡಲೇಬಾರದ ಹಂತ ಇದು. ಕನ್ನಡಿ ಮುಂದೆ ನಗಿ, 'ವಿಜಯ', 'ಫ್ಯಾನ್' ಅನ್ನಿ. 'ಫ' ಸರಿಯಾಗಿ ಹೊರಡದಿದ್ದರೆ ಹಲ್ಲಿನ ತುದಿ ಉದ್ದವಾಗಿರಬಹುದು. ಮನೆಯವರಿಗೂ ತೋರಿಸಿ. ಹಲ್ಲಿಗೆ ಡ್ರಿಲ್ ಮುಟ್ಟುವ ತನಕ ಹಿಂದೆ ಸರಿಯಲು ದಾರಿ ಇರುತ್ತದೆ.

ಬಣ್ಣ ಆರಿಸುವುದು ಹಲ್ಲು ಒದ್ದೆಯಿರುವಾಗ, ಹಗಲು ಬೆಳಕಿನಲ್ಲಿ. ಬಾಯಿ ತೆರೆದು ಹಲ್ಲು ಒಣಗಿತೆಂದರೆ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆಯ್ಕೆ ತಪ್ಪುತ್ತದೆ. ಆಮೇಲೆ ಉಜ್ಜುವುದು, ಅಳತೆ ತೆಗೆಯುವುದು, ತಾತ್ಕಾಲಿಕ ಹೊದಿಕೆ. ಲ್ಯಾಬಿನಿಂದ ಬರಲು ವಾರ ಹತ್ತು ದಿನ. ಅಂಟಿಸುವ ದಿನ ಮೊದಲು ನೀರಲ್ಲಿ ತೊಳೆದುಹೋಗುವ ಪೇಸ್ಟಿನಿಂದ ಕೂರಿಸಿ ನೋಡಿ ಒಪ್ಪಿಗೆ ಕೊಡಿ. ಪಿಂಗಾಣಿಯ ಒಳಮೈಗೆ ಹೈಡ್ರೋಫ್ಲೋರಿಕ್ ಆಮ್ಲ, ಮೇಲೆ ಸಿಲೇನ್ ಎಂಬ ಅಂಟು ಹಿಡಿಸುವ ದ್ರವ. ಎನಾಮಲ್‌ಗೆ 37 ಶೇಕಡದ ಫಾಸ್ಫಾರಿಕ್ ಆಮ್ಲ 15ರಿಂದ 30 ಸೆಕೆಂಡ್. ಆಮೇಲೆ ರೆಸಿನ್ ಸಿಮೆಂಟ್ ಎಂಬ ಅಂಟು, ಅದು ಗಟ್ಟಿಯಾಗಲು ನೀಲಿ ಬೆಳಕು. ಈ ಹೊತ್ತಿನಲ್ಲಿ ಒಂದು ಹನಿ ಎಂಜಲು, ಒಸಡಿನ ಒಂದು ಚುಕ್ಕೆ ರಕ್ತ ತಾಗಿದರೂ ಅಂಟು ಕೈಕೊಡುತ್ತದೆ. ಅದಕ್ಕೇ ರಬ್ಬರ್ ಹಾಳೆ ಕಟ್ಟಿ ಒಂದೊಂದನ್ನೇ ಕೂರಿಸುತ್ತಾರೆ. ಆರು ಹಲ್ಲು ಅಂದರೆ ಎರಡು ಮೂರು ತಾಸಿನ ಕೆಲಸ. ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ ಅನ್ನುವವರಿಂದ ದೂರವಿರಿ. ಬ್ಯೂಟಿ ಪಾರ್ಲರಿನಲ್ಲಿ ಹಾಕಿಸುವ ಮಾತಂತೂ ಎತ್ತಲೇಬೇಡಿ. ದಂತ ಚಿಕಿತ್ಸೆ ನೋಂದಾಯಿತ ದಂತ ವೈದ್ಯರ ಕೆಲಸ, ಅದಕ್ಕೆ ಕಾಯ್ದೆಯೇ ಇದೆ. ಎರಡನೆಯ ಅಭಿಪ್ರಾಯ ಬೇಕಾದವರಿಗೆ ಮೈಸೂರಿನಲ್ಲೇ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಿವೆ.

ಚೆನ್ನಾಗಿ ಕೂತದ್ದು ಹತ್ತು ಹದಿನೈದು ವರ್ಷ ಬರುತ್ತದೆ. ಇಪ್ಪತ್ತೈದಕ್ಕೆ ಹಾಕಿಸಿದವರು ಅರವತ್ತರೊಳಗೆ ಎರಡು ಮೂರು ಬಾರಿ ಬದಲಿಸಬೇಕಾದೀತು, ಖರ್ಚನ್ನು ಹಾಗೆ ಗುಣಿಸಿ ನೋಡಿ. ಮುದ್ದೆಯಿಂದ ಏನೂ ತೊಂದರೆಯಿಲ್ಲ, ಅದನ್ನು ಹೇಗೂ ನುಂಗುವುದು. ತೊಂದರೆ ಸಾರಿನ ಮೂಳೆಯದ್ದು. ಮಂಡ್ಯದವರಿಗೆ ಕಷ್ಟದ ಮಾತೆಂದರೆ, ಮುಂದಿನ ಹಲ್ಲಿನಿಂದ ಕಬ್ಬು ಸಿಗಿಯುವುದು ಅಲ್ಲಿಗೆ ಮುಗಿಯಿತು. ಸಂಕ್ರಾಂತಿಗೂ ಕತ್ತರಿಸಿದ ತುಂಡನ್ನು ದವಡೆಯಲ್ಲೇ ಅಗಿಯಬೇಕು. ಗಟ್ಟಿ ಕೋಡುಬಳೆ, ಉಗುರು ಕಚ್ಚುವುದು, ಸೋಡಾ ಮುಚ್ಚಳ ತೆಗೆಯುವುದು, ಇವೂ ಅದೇ ಪಟ್ಟಿಗೆ. ಇದ್ದಿಲು, ಉಪ್ಪಿನ ಪುಡಿಯಲ್ಲಿ ಉಜ್ಜಿದರೆ ಹೊಳಪು ಹೋಗಿ ಅಂಚಿನಲ್ಲಿ ಕಲೆ ಕೂರುತ್ತದೆ. ಮೆದು ಬ್ರಷ್ ಸಾಕು.

ಒಂದು ವೇಳೆ ವೆನೀರ್ ಕಳಚಿ ಕೈಗೆ ಬಂದರೆ ಫೆವಿಕ್ವಿಕ್ ಹಾಕಿ ಅಂಟಿಸಿಕೊಳ್ಳಬೇಡಿ. ಆ ಪದರವನ್ನು ಕೆರೆದು ತೆಗೆಯುವಷ್ಟರಲ್ಲಿ ಪಿಂಗಾಣಿ ಒಡೆದೀತು. ನೀರಲ್ಲಿ ತೊಳೆದು, ಹತ್ತಿ ಇಟ್ಟ ಸಣ್ಣ ಡಬ್ಬಿಯಲ್ಲಿ ಹಾಕಿ ತನ್ನಿ. ತುಂಡಾಗಿಲ್ಲದಿದ್ದರೆ ಸಾಮಾನ್ಯವಾಗಿ ಅದನ್ನೇ ಮತ್ತೆ ಕೂರಿಸಬಹುದು.

ನಮಸ್ಕಾರ.